ನಿರೂಪಕ ತೀರಿಕೊಂಡರೆ ಟ್ಯೂರಿನ್‌ನ ಅಜ್ಜಿ ಯಾಕೆ ಅತ್ತರು?

ಪ್ರಶ್ನೆ: ನನ್ನ ಮಗಳು ಇಟಲಿಯ ಟ್ಯೂರಿನ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. 2025ರ ಆಗಸ್ಟ್‌ನಲ್ಲಿ ನಾನೂ ನಮ್ಮ ಯಜಮಾನರೂ ಅವಳನ್ನು ನೋಡಲು ಹೋಗಿದ್ದೆವು. ಅವಳ ಮನೆ ಓನರ್ ಎಂಬತ್ತು ದಾಟಿದ ಅಜ್ಜಿ. ತುಂಬ ಒಳ್ಳೆಯವರು. ನಾವು ಭಾರತದವರು ಅಂದ ಕೂಡಲೇ 'ಕಬೀರ್ ಬೇಡಿ!' ಅಂದರು. ನಾವು ಅಲ್ಲಿದ್ದಾಗಲೇ ಪಿಪ್ಪೊ ಬೌಡೊ ಎಂಬ ಟಿವಿ ನಿರೂಪಕರು ತೀರಿಕೊಂಡ ಸುದ್ದಿ ಬಂತು. ಅಜ್ಜಿ ಒಡಹುಟ್ಟಿದ ಅಣ್ಣನೇ ಹೋದ ಹಾಗೆ ಅತ್ತರು. ರೋಮ್‌ನ ಯಾವುದೋ ಥಿಯೇಟರ್ ಮುಂದೆ ಜನ ಸಾಲುಗಟ್ಟಿ ನಿಂತಿದ್ದನ್ನು ಟಿವಿಯಲ್ಲಿ ತೋರಿಸಿದರು. ಒಬ್ಬ ನಿರೂಪಕನಿಗಾಗಿ ಇಷ್ಟೊಂದು ದುಃಖವೇ? ಇಟಲಿಯ ಟಿವಿ ಕಥೆ ಏನು? ಸ್ವಲ್ಪ ವಿವರವಾಗಿ ತಿಳಿಸಿ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ:

ಆ ಅಜ್ಜಿಯ ಅಳು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಇಟಲಿಯ ಟಿವಿ ಬಗ್ಗೆ ಓದುತ್ತ, ಆ ಹಳೆಯ ಕಪ್ಪು-ಬಿಳುಪು ತುಣುಕುಗಳನ್ನು ನೋಡುತ್ತ ನಾನು ಬಹಳ ವರ್ಷ ಕಳೆದಿದ್ದೇನೆ. ನನಗೆ ಕೊನೆಗೆ ಕಂಡದ್ದು ಇಷ್ಟು. ಆ ದೇಶದ ಎಷ್ಟೋ ಮನೆಗಳಲ್ಲಿ ಇಟಾಲಿಯನ್ ಭಾಷೆಯನ್ನು ದಿನಾ ಮಾತನಾಡಿದ ಮೊದಲ ಮನುಷ್ಯ ಟಿವಿಯ ನಿರೂಪಕ. ಅಪ್ಪ ಅಮ್ಮ ಆಡುತ್ತಿದ್ದುದು ಬೇರೆ ಮಾತು. ಇದು ತಲೆಗೆ ಹೋದರೆ ಉಳಿದ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ನಮಗೆ ಇಟಲಿ ಅಂದರೆ ಒಂದು ದೇಶ, ಒಂದು ಭಾಷೆ. ಆದರೆ 1861ರಲ್ಲಿ ಆ ದೇಶ ಒಂದಾದಾಗ ಇಟಾಲಿಯನ್ ಮಾತನಾಡಬಲ್ಲವರು ನೂರಕ್ಕೆ ಎರಡೂವರೆ ಜನ ಮಾತ್ರ. ಇದು ಭಾಷಾತಜ್ಞ ತುಲ್ಲಿಯೊ ದೆ ಮೌರೊ ಹಾಕಿದ ಲೆಕ್ಕ. ಉಳಿದವರೆಲ್ಲ ಅವರವರ ಊರಿನ ಮಾತು ಆಡುತ್ತಿದ್ದರು. ಟ್ಯೂರಿನ್‌ನವರದು ಪಿಯೆಮೊಂತೆಯ ಮಾತು, ಸಿಸಿಲಿಯವರದು ಸಿಸಿಲಿಯ ಮಾತು. ಇವು ಧಾರವಾಡ ಕನ್ನಡ, ಮೈಸೂರು ಕನ್ನಡದ ಹಾಗಲ್ಲ. ಒಬ್ಬರದು ಇನ್ನೊಬ್ಬರಿಗೆ ಅರ್ಥವೇ ಆಗದಷ್ಟು ದೂರ. 1951ರ ಜನಗಣತಿ ಹೊತ್ತಿಗೂ ನೂರಕ್ಕೆ ಸುಮಾರು 13 ಜನರಿಗೆ ಓದು ಬರಹ ಬರುತ್ತಿರಲಿಲ್ಲ. ಓದು ಬಂದವರಲ್ಲೂ ಎಷ್ಟೋ ಜನ ಶಾಲೆ ಬಿಟ್ಟ ಮೇಲೆ ಇಟಾಲಿಯನ್ ಬಾಯಿಗೆ ಹಚ್ಚಿದವರಲ್ಲ.

ಇಂಥ ದೇಶಕ್ಕೆ 1954ರ ಜನವರಿ 3ರಂದು ಟಿವಿ ಬಂತು. ನಡೆಸುತ್ತಿದ್ದುದು ಸರ್ಕಾರಿ ಸಂಸ್ಥೆ ರಾಯ್. ಅವತ್ತು ಮಿಲಾನ್ ಸ್ಟುಡಿಯೋದಿಂದ ಫುಲ್ವಿಯಾ ಕೊಲೊಂಬೊ ಎಂಬಾಕೆ ಪ್ರಸಾರ ಶುರುವಾಗಿದೆ ಎಂದು ಹೇಳಿದರು. ಹೀಗೆ ಕಾರ್ಯಕ್ರಮಗಳ ನಡುವೆ ಬಂದು, ಮುಂದೆ ಏನಿದೆ ಎಂದು ಹೇಳಿ ಹೋಗುವ ಹೆಣ್ಣುಮಕ್ಕಳಿಗೆ ಜನ 'ಸಿಞೊರಿನೆ ಬೊನಾಸೆರಾ' ಎಂದು ಹೆಸರಿಟ್ಟರು. 'ಶುಭಸಂಜೆ ಹುಡುಗಿಯರು' ಅಂತ. ಅವರ ಪೈಕಿ ನಿಕೊಲೆತ್ತಾ ಓರ್ಸೊಮಾಂದೊ 1953ರ ಪ್ರಯೋಗ ಪ್ರಸಾರದ ದಿನಗಳಿಂದ 1993ರವರೆಗೆ, ನಲವತ್ತು ವರ್ಷ ಜನರಿಗೆ ಶುಭಸಂಜೆ ಹೇಳಿದರು. ಒಂದೊಂದು ಪದವೂ ಬಿಡಿಬಿಡಿ, ಸ್ವಚ್ಛ. ಮೇಷ್ಟ್ರು ಉಕ್ತಲೇಖನ ಹೇಳಿದ ಹಾಗೆ.

ಆ ಮೊದಲ ದಿನವೇ ಒಬ್ಬ ಯುವಕ ಕಾಣಿಸಿಕೊಂಡ. ಹೆಸರು ಮೈಕ್ ಬೊಂಜೋರ್ನೊ. 'ಬರುವವರು, ಹೋಗುವವರು' ಎಂಬ ಕಾರ್ಯಕ್ರಮ. ಪ್ರಯಾಣದಲ್ಲಿರುವ ಹೆಸರುವಾಸಿಗಳನ್ನು ಹಿಡಿದು ಮಾತನಾಡಿಸುವುದು, ಅಷ್ಟೇ. ಈತ ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ, 1924ರಲ್ಲಿ. ಚಿಕ್ಕಂದಿನಲ್ಲೇ ತಾಯಿಯ ಜೊತೆ ಟ್ಯೂರಿನ್‌ಗೆ ಬಂದ. ಯುದ್ಧದ ಹೊತ್ತಿನಲ್ಲಿ ನಾಜಿ ವಿರೋಧಿ ಹೋರಾಟಗಾರರಿಗೆ ಪತ್ರ ಮುಟ್ಟಿಸುವ ಕೆಲಸ ಮಾಡುತ್ತಿದ್ದ. ಸಿಕ್ಕಿಬಿದ್ದು ಮಿಲಾನ್‌ನ ಸಾನ್ ವಿತ್ತೊರೆ ಜೈಲು ಸೇರಿದ. ಆಮೇಲೆ ಜರ್ಮನ್ನರ ಶಿಬಿರ. ಅಮೆರಿಕದ ಪೌರತ್ವ ಇದ್ದದ್ದರಿಂದ ಕೈದಿಗಳ ವಿನಿಮಯದಲ್ಲಿ ಬದುಕಿ ಬಂದ. ಮುಂದೆ ಐವತ್ತು ವರ್ಷ ಟಿವಿಯಲ್ಲಿ ಕೈ ಎತ್ತಿ 'ಅಲ್ಲೆಗ್ರೀಯಾ!' ಎಂದು ಕೂಗಿದವರು ಇವರೇ. ಸಂತೋಷ, ಸಂಭ್ರಮ ಅಂತ ಆ ಪದಕ್ಕೆ ಅರ್ಥ. ಜೈಲು ನೋಡಿ ಬಂದ ಬಾಯಿಯಿಂದ ಆ ಪದ ಕೇಳುವಾಗ ನನಗೆ ಪ್ರತಿಸಲವೂ ಏನೋ ಒಂದು ಥರ ಆಗುತ್ತದೆ.

1955ರ ನವೆಂಬರ್‌ನಲ್ಲಿ ಮೈಕ್ ಒಂದು ಕ್ವಿಜ್ ಶುರು ಮಾಡಿದರು. 'ಲಾಶಾ ಒ ರದ್ದೊಪ್ಪಿಯಾ', ಅಂದರೆ 'ಬಿಡ್ತೀರೋ, ದುಪ್ಪಟ್ಟು ಮಾಡ್ತೀರೋ?' ಮೂಲ ಅಮೆರಿಕದ್ದು. ಸರಿ ಉತ್ತರ ಕೊಟ್ಟರೆ ಹಣ ಎರಡರಷ್ಟಾಗುತ್ತದೆ. ತಪ್ಪಿದರೆ ಹೋಯಿತು. ಗೆಲ್ಲುತ್ತ ಹೋದರೆ ಕೊನೆಗೆ 51 ಲಕ್ಷ 20 ಸಾವಿರ ಲಿರಾ. ಕೊನೆಯ ಹಂತದಲ್ಲಿ ಸೋತರೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ, ಸಮಾಧಾನಕ್ಕೆ ಒಂದು ಫಿಯೆಟ್ ಕಾರು.

ಆಗ ಮನೆಯಲ್ಲಿ ಟಿವಿ ಇದ್ದವರು ಎಷ್ಟು ಜನ? 1954ರಲ್ಲಿ ಲೈಸೆನ್ಸ್ ಪಡೆದವರು ಸುಮಾರು 88 ಸಾವಿರ, ಇಡೀ ದೇಶಕ್ಕೆ. ಹಾಗಾಗಿ ಜನ ಬಾರ್‌ಗೆ ಹೋಗುತ್ತಿದ್ದರು. ಅಲ್ಲಿನ ಬಾರ್ ಅಂದರೆ ನಮ್ಮ ಕಾಫಿ ಹೋಟೆಲ್ ಇದ್ದ ಹಾಗೆ, ಅಜ್ಜಿ ಮೊಮ್ಮಕ್ಕಳು ಎಲ್ಲರೂ ಹೋಗುವ ಜಾಗ. ಒಂದು ಕಾಫಿ ತೆಗೆದುಕೊಂಡು ಇಡೀ ಸಂಜೆ ಕೂರುವುದು. ನಮ್ಮಲ್ಲಿ ರಾಮಾಯಣ ಬರುವಾಗ ಬೀದಿಗೊಂದು ಮನೆಯಲ್ಲಿ ಎಲ್ಲರೂ ಸೇರುತ್ತಿದ್ದೆವಲ್ಲ, ಥೇಟ್ ಹಾಗೇ. ಶನಿವಾರ ಸಂಜೆ ಸಿನಿಮಾ ಮಂದಿರಗಳು ಖಾಲಿ ಹೊಡೆಯತೊಡಗಿದವು. ಮಾಲೀಕರು ಗಲಾಟೆ ಎಬ್ಬಿಸಿದರು. 1956ರಲ್ಲಿ ಕಾರ್ಯಕ್ರಮ ಗುರುವಾರಕ್ಕೆ ಹೋಯಿತು. ಆಗ ಸಿನಿಮಾದವರೇ ಥಿಯೇಟರಿನೊಳಗೆ ಟಿವಿ ತಂದಿಟ್ಟರು. ಸಿನಿಮಾ ಅರ್ಧಕ್ಕೆ ನಿಲ್ಲಿಸಿ, ಕ್ವಿಜ್ ತೋರಿಸಿ, ಮತ್ತೆ ಸಿನಿಮಾ ಮುಂದುವರಿಸುತ್ತಿದ್ದರು.

ಬಂದವರೆಲ್ಲ ಸಾಧಾರಣ ಜನ. ಕಸಾಲೆ ಮೊನ್‌ಫೆರ್ರಾತೊ ಎಂಬ ಊರಿನಲ್ಲಿ ತಂಬಾಕಿನ ಅಂಗಡಿ ಇಟ್ಟಿದ್ದ ಮರಿಯಾ ಲುಯಿಸಾ ಗರೊಪ್ಪೊ ಗ್ರೀಕ್ ದುರಂತ ನಾಟಕಗಳ ಬಗ್ಗೆ ಉತ್ತರಿಸಿ ಮನೆಮಾತಾದರು. ಲಾಂದೊ ದೆಗೊಲಿ ಎಂಬ ಗಣಿತದ ಮೇಷ್ಟ್ರಿಗೆ ಸಂಗೀತಗಾರ ವೆರ್ದಿಯ ಒಪೆರಾದಲ್ಲಿ, ಅಂದರೆ ಹಾಡುನಾಟಕದಲ್ಲಿ, ಕೊಂತ್ರಫಗೊತ್ತೊ ಎಂಬ ಊದುವ ವಾದ್ಯದ ಬಗ್ಗೆ ಪ್ರಶ್ನೆ ಬಂತು. ಉತ್ತರ ತಪ್ಪು ಅಂದರು. ಪ್ರಶ್ನೆಯೇ ಸರಿಯಿಲ್ಲ ಅಂತ ಪತ್ರಿಕೆಗಳಲ್ಲಿ ವಾದ ಶುರುವಾಯಿತು. ಆ ವಾದ್ಯವನ್ನು ಕಣ್ಣಾರೆ ಕಾಣದ ಜನರೂ ಬಾರ್‌ನಲ್ಲಿ ಕೂತು ಅದರ ಬಗ್ಗೆ ಜಗಳ ಆಡಿದರು. 1959ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಕೇಜ್ ಬಂದರು, ಅದೂ ಅಣಬೆ ತಜ್ಞರಾಗಿ! 50 ಲಕ್ಷ ಲಿರಾ ಗೆದ್ದುಕೊಂಡು ಹೋದರು.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. 1961ರಲ್ಲಿ ಉಂಬೆರ್ತೊ ಎಕೊ ಎಂಬ ಯುವ ವಿದ್ವಾಂಸ ಮೈಕ್ ಬಗ್ಗೆ ಒಂದು ಪ್ರಬಂಧ ಬರೆದರು. ಇದೇ ಎಕೊ ಮುಂದೆ ಜಗತ್ತಿಗೆಲ್ಲ ಗೊತ್ತಾದ ಕಾದಂಬರಿಕಾರ. ಅವರ ವಾದ ಖಾರವಾಗಿತ್ತು. ಮೈಕ್‌ನಲ್ಲಿ ವಿಶೇಷವಾದದ್ದು ಏನೂ ಇಲ್ಲ, ಆತನನ್ನು ನೋಡಿದರೆ ಯಾರಿಗೂ ತಾನು ಕಡಿಮೆ ಅನ್ನಿಸುವುದಿಲ್ಲ, ಅದಕ್ಕೇ ಜನ ಪ್ರೀತಿಸುತ್ತಾರೆ ಎಂದರು. ಆತನ ಭಾಷೆ ತೀರಾ ಸರಳ, ವ್ಯಾಕರಣದ ಕಷ್ಟದ ರೂಪಗಳನ್ನೆಲ್ಲ ಬಿಟ್ಟುಬಿಟ್ಟಿದ್ದಾನೆ ಎಂದೂ ಬರೆದರು. ಎಕೊ ನೋಡಿದ್ದು ಸರಿಯಾಗಿಯೇ ಇದೆ. ಆದರೆ ಅವರು ಕೊರತೆ ಅಂದದ್ದನ್ನು ನಾನು ಉಪಕಾರ ಅನ್ನುತ್ತೇನೆ. ಸಿಸಿಲಿಯ ಹಳ್ಳಿಯ ರೈತನಿಗೆ ಪ್ರೊಫೆಸರರ ಇಟಾಲಿಯನ್ ಹತ್ತುತ್ತಿರಲಿಲ್ಲ. ಮೈಕ್‌ನ ಇಟಾಲಿಯನ್ ಹತ್ತಿತು. 'ಇಷ್ಟು ನಾನೂ ಆಡಬಲ್ಲೆ' ಎಂಬ ಧೈರ್ಯ ಬಂತು. ಟಿವಿ ಬಂದ ಮೇಲೆ ಇಟಾಲಿಯನ್ ಊರೂರಿಗೆ ಹರಡಿದ್ದನ್ನು ದೆ ಮೌರೊ ಅವರೇ ತೋರಿಸಿಕೊಟ್ಟರು.

ಈ ಕೆಲಸವನ್ನು ನೇರವಾಗಿ ಕೈಗೆತ್ತಿಕೊಂಡವರು ಇನ್ನೊಬ್ಬರು. ಇಟಲಿಯ ಟಿವಿಯಲ್ಲಿ ನನಗೆ ಎಲ್ಲರಿಗಿಂತ ದೊಡ್ಡವರು ಅನ್ನಿಸುವುದು ಅವರೇ, ಆಲ್ಬೆರ್ತೊ ಮಾನ್ಜಿ. ನಿಜ ಹೇಳಬೇಕೆಂದರೆ ಅವರು ನಿರೂಪಕರಲ್ಲ, ರೋಮ್‌ನ ಪ್ರಾಥಮಿಕ ಶಾಲೆ ಮೇಷ್ಟ್ರು. ಅದಕ್ಕೂ ಮೊದಲು ಬಾಲಾಪರಾಧಿಗಳ ಜೈಲಿನಲ್ಲಿ ಪಾಠ ಹೇಳಿದ್ದವರು. 1960ರ ನವೆಂಬರ್‌ನಲ್ಲಿ ರಾಯ್ 'ಇನ್ನೂ ತಡವಾಗಿಲ್ಲ' ಎಂಬ ಅರ್ಥದ ಹೆಸರಿಟ್ಟು, ಓದು ಬರದ ದೊಡ್ಡವರಿಗಾಗಿ ಒಂದು ಕಾರ್ಯಕ್ರಮ ಶುರು ಮಾಡಿತು.

ಆ ತುಣುಕುಗಳನ್ನು ನೀವು ಒಮ್ಮೆ ನೋಡಬೇಕು. ಕೋಟು, ಟೈ ಹಾಕಿಕೊಂಡ ತೆಳ್ಳನೆಯ ಮನುಷ್ಯ. ಹಿಂದೆ ಸ್ಟ್ಯಾಂಡಿನ ಮೇಲೆ ದೊಡ್ಡ ದೊಡ್ಡ ಬಿಳಿ ಹಾಳೆಗಳು. ಕೈಯಲ್ಲಿ ಇದ್ದಿಲ ಕಡ್ಡಿ. ಮಾತನಾಡುತ್ತ ಒಂದು ಗೆರೆ ಎಳೆಯುತ್ತಾರೆ. ಅದೇನು ಅಂತ ಗೊತ್ತಾಗುವುದಿಲ್ಲ. ಇನ್ನೊಂದು ಗೆರೆ. ಈಗಲೂ ಗೊತ್ತಾಗುವುದಿಲ್ಲ. ಕಣ್ಣು ಕೀಳಲಾಗದೆ ನೋಡುತ್ತಿರುತ್ತೇವೆ. ಕೊನೆಗೆ ಒಂದು ಚಿತ್ರ ಮೂಡುತ್ತದೆ. ಆಮೇಲೆ ಅದರ ಹೆಸರು, ಆ ಹೆಸರಿನ ಮೊದಲ ಅಕ್ಷರ. ಐವತ್ತು ದಾಟಿದ, ಹೊಲದಲ್ಲಿ ದುಡಿದು ಬಂದ ಮನುಷ್ಯನನ್ನು ಅಕ್ಷರದ ಮುಂದೆ ಕೂರಿಸುವುದು ಸುಲಭವಲ್ಲ, ಅಲ್ವಾ? ನಾಚಿಕೆ ಇರುತ್ತದೆ, ಆಯಾಸ ಇರುತ್ತದೆ. ಮಾನ್ಜಿ ಅವರಲ್ಲಿ ಕುತೂಹಲ ಹುಟ್ಟಿಸಿ ಕೂರಿಸಿದರು. ಒಂದು ಸಲವೂ ಮಕ್ಕಳಿಗೆ ಹೇಳಿದ ಹಾಗೆ ಹೇಳಲಿಲ್ಲ.

ಹಳ್ಳಿಗಳಲ್ಲಿ ಜನ ಸೇರಿ ಪಾಠ ನೋಡಲು ಸುಮಾರು 2 ಸಾವಿರ ಕೇಂದ್ರಗಳಲ್ಲಿ ಟಿವಿ ಇಟ್ಟಿದ್ದರು. 1968ರವರೆಗೆ 484 ಕಂತು ನಡೆಯಿತು. ಈ ಪಾಠ ನೋಡಿ ಹತ್ತು ಲಕ್ಷಕ್ಕೂ ಜಾಸ್ತಿ ಜನ ಪ್ರಾಥಮಿಕ ಶಾಲೆಯ ಸರ್ಟಿಫಿಕೇಟ್ ಪಡೆದರು ಎಂದು ಲೆಕ್ಕ. ಮಾನ್ಜಿ ಮೇಷ್ಟ್ರ ಸಂಬಳದಲ್ಲೇ ಇದ್ದರು. ಇದ್ದಿಲ ಕಡ್ಡಿಯಿಂದ ಅಂಗಿ ಹಾಳಾಗುತ್ತದೆ ಅಂತ ರಾಯ್‌ನಿಂದ 'ಅಂಗಿ ಭತ್ಯೆ' ಕೊಡುತ್ತಿದ್ದರಂತೆ. ಟಿವಿ ಮುಗಿದ ಮೇಲೆ ಅವರು ಶಾಲೆಗೇ ವಾಪಸ್ ಹೋದರು. 1981ರಲ್ಲಿ ಮಕ್ಕಳಿಗೆ ಮೌಲ್ಯಮಾಪನ ಪತ್ರ ಬರೆಯಬೇಕು ಎಂದು ಸರ್ಕಾರ ಹೇಳಿದಾಗ ಅವರು ಒಪ್ಪಲಿಲ್ಲ. ಒಂದು ಮಗುವಿಗೆ ಹಣೆಪಟ್ಟಿ ಹಚ್ಚಲಾರೆ ಎಂದರು. ಒತ್ತಾಯ ಬಂದಾಗ ಒಂದು ರಬ್ಬರ್ ಸ್ಟಾಂಪ್ ಮಾಡಿಸಿ ಎಲ್ಲ ಮಕ್ಕಳ ಪತ್ರಕ್ಕೂ ಒಂದೇ ಮಾತು ಒತ್ತಿದರು: 'ಆಗುವುದನ್ನು ಮಾಡುತ್ತಾನೆ, ಆಗದ್ದನ್ನು ಮಾಡುವುದಿಲ್ಲ.'

ಆ ಕಾಲದ ರಾಯ್ ಎಲ್ಲ ರೀತಿಯಲ್ಲೂ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷದ ಬಿಗಿ ಹಿಡಿತ ಇತ್ತು. ಮೊದಲ ವರ್ಷಗಳಲ್ಲಿ ಅದರ ಮುಖ್ಯಸ್ಥರಾಗಿದ್ದ ಫಿಲಿಬೆರ್ತೊ ಗ್ವಾಲಾ ಎಷ್ಟು ಮಡಿವಂತರೆಂದರೆ, ಮುಂದೆ ಕೆಲಸ ಬಿಟ್ಟು ಮಠ ಸೇರಿ ಸನ್ಯಾಸಿಯೇ ಆದರು. ಏನು ತೋರಿಸಬಹುದು, ಏನು ಆಡಬಹುದು ಎಂಬುದಕ್ಕೆಲ್ಲ ಕಟ್ಟುಪಾಡು. 1959ರಲ್ಲಿ ರಾಷ್ಟ್ರಪತಿ ಗ್ರೊಂಕಿ ಮಿಲಾನ್‌ನ ಒಪೆರಾ ಮಂದಿರದಲ್ಲಿ ಕುರ್ಚಿ ತಪ್ಪಿ ಬಿದ್ದರು. ಪಕ್ಕದಲ್ಲಿ ಫ್ರಾನ್ಸ್‌ನ ದ ಗಾಲ್. ಪತ್ರಿಕೆಗಳು ಬಾಯಿ ಮುಚ್ಚಿಕೊಂಡವು. ಹಾಸ್ಯ ಜೋಡಿ ತೊಞಾತ್ಸಿ ಮತ್ತು ವಿಯಾನೆಲ್ಲೊ ಟಿವಿಯಲ್ಲಿ ಅದನ್ನೇ ಮಾಡಿ ತೋರಿಸಿದರು. ಅವರ ಜನಪ್ರಿಯ ಕಾರ್ಯಕ್ರಮ ಅಲ್ಲಿಗೆ ಬಂದ್. 1962ರಲ್ಲಿ ನಾಟಕದವರಾದ ದಾರಿಯೊ ಫೊ ಮತ್ತು ಫ್ರಾಂಕಾ ರಾಮೆ ದಂಪತಿ 'ಕಾನ್ಜೊನಿಸ್ಸಿಮಾ' ಎಂಬ ಹಾಡಿನ ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. ಕಟ್ಟಡ ಕೆಲಸದಲ್ಲಿ ಸಾಯುವ ಕೂಲಿಗಳ ಬಗ್ಗೆ ಒಂದು ಪ್ರಹಸನ ಬರೆದರು. ಮೇಲಿನವರು ಕತ್ತರಿ ಹಾಕಿದರು. ಇಬ್ಬರೂ ಎದ್ದು ನಡೆದರು. ರಾಯ್‌ಗೆ ಅವರು ಮರಳಿದ್ದು 1977ರಲ್ಲಿ. ಫೊ ಅವರಿಗೆ 1997ರಲ್ಲಿ ನೊಬೆಲ್ ಬಂತು.

ಜಾಹೀರಾತಿಗೂ ಲಗಾಮು ಇತ್ತು. 1957ರಿಂದ 1977ರವರೆಗೆ ರಾತ್ರಿ 'ಕರೊಸೆಲ್ಲೊ' ಬರುತ್ತಿತ್ತು. ಪುಟ್ಟ ಪುಟ್ಟ ಕಥೆಗಳು, ಗೊಂಬೆಗಳು, ಹಾಡು. ಸೋಪೋ ಬಿಸ್ಕತ್ತೋ, ಅದರ ಹೆಸರು ಬರುತ್ತಿದ್ದುದು ಕೊನೆಯಲ್ಲಿ ಮಾತ್ರ. ಆ ಪೀಳಿಗೆಯ ಮಕ್ಕಳಿಗೆಲ್ಲ ಒಂದೇ ನಿಯಮ: 'ಕರೊಸೆಲ್ಲೊ ಮುಗಿಯಿತಾ, ಹೋಗಿ ಮಲಗು.' ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಅವರೂ ತಮ್ಮ ಮಕ್ಕಳಿಗೆ ಹೀಗೇ ಹೇಳಿರುತ್ತಾರೆ. ಕಬೀರ್ ಬೇಡಿಯ ಗುಟ್ಟೂ ಇಲ್ಲೇ ಇದೆ. 1976ರಲ್ಲಿ ರಾಯ್ 'ಸಾಂದೊಕಾನ್' ಎಂಬ ಆರು ಕಂತಿನ ಧಾರಾವಾಹಿ ತೋರಿಸಿತು. ಅದರಲ್ಲಿ ಹುಲಿಯಂಥ ಕಡಲ್ಗಳ್ಳ ನಾಯಕ ಅವರೇ. ಇಡೀ ಇಟಲಿ ಅವರಿಗೆ ಮರುಳಾಗಿತ್ತು. ಅಲ್ಲಿನ ಹಿರಿಯರಿಗೆ ಈಗಲೂ ಭಾರತ ಅಂದರೆ ಮೊದಲು ನೆನಪಾಗುವ ಮುಖ ಅದು.

ಈಗ ಪಿಪ್ಪೊ ಬೌಡೊ. ಹುಟ್ಟಿದ್ದು 1936ರಲ್ಲಿ, ಸಿಸಿಲಿಯ ಮಿಲಿತೆಲ್ಲೊ ಎಂಬ ಸಣ್ಣ ಊರಿನಲ್ಲಿ. ತಂದೆ ವಕೀಲರು. ಮಗನೂ ಕಾನೂನು ಓದಿದ, ಆದರೆ ಮನಸ್ಸೆಲ್ಲ ಪಿಯಾನೊ ಮೇಲೆ, ವೇದಿಕೆ ಮೇಲೆ. 1966ರಲ್ಲಿ ಅವರ ಮೊದಲ ದೊಡ್ಡ ಕಾರ್ಯಕ್ರಮ 'ಸೆತ್ತೆವೋಚಿ' ಟಿವಿಗೆ ಬಂದದ್ದೇ ಆಕಸ್ಮಿಕ. ಅವತ್ತು ಬರಬೇಕಿದ್ದ ಬೇರೆ ಟೇಪ್ ತಲುಪಲಿಲ್ಲ, ಮೂಲೆಯಲ್ಲಿ ಬಿದ್ದಿದ್ದ ಇದನ್ನು ಹಾಕಿದರಂತೆ. ಅಲ್ಲಿಂದ ಅವರು ಹಿಂದೆ ತಿರುಗಿ ನೋಡಲಿಲ್ಲ.

ಸಾನ್‌ರೆಮೊ ಹಾಡಿನ ಸ್ಪರ್ಧೆ ಎಂದರೆ ಇಟಲಿಯ ವರ್ಷದ ಜಾತ್ರೆ. 1951ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1955ರಲ್ಲಿ ಟಿವಿಗೆ ಬಂದು, ಈಗಲೂ ಪ್ರತಿವರ್ಷ ಒಂದು ವಾರ ದೇಶವನ್ನೇ ಹಿಡಿದು ಕೂರಿಸುತ್ತದೆ. ಅದನ್ನು ಮೈಕ್ 11 ಸಲ ನಡೆಸಿಕೊಟ್ಟರೆ ಬೌಡೊ 13 ಸಲ. ಇಷ್ಟು ಸಲ ನಡೆಸಿದವರು ಇನ್ನೊಬ್ಬರಿಲ್ಲ. ಗಾಯಕರಾದ ಲೌರಾ ಪೌಸಿನಿ, ಆಂದ್ರೆಯಾ ಬೊಚೆಲ್ಲಿ ಮೊದಲು ಗೆದ್ದು ಹೆಸರು ಮಾಡಿದ್ದು ಬೌಡೊ ನಡೆಸಿದ ಸಾನ್‌ರೆಮೊದಲ್ಲೇ. 1995ರಲ್ಲಿ ಒಬ್ಬಾತ ಬಾಲ್ಕನಿಯ ಕಟಾಂಜನ ಹತ್ತಿ ಹಾರುತ್ತೇನೆ ಎಂದು ಕೂತ. ಬೌಡೊ ವೇದಿಕೆ ಬಿಟ್ಟು ಮೇಲಕ್ಕೆ ಹೋಗಿ, ಮಾತನಾಡಿಸಿ, ಆತನನ್ನು ಹಿಂದಕ್ಕೆ ತಂದರು. ಅದೆಲ್ಲ ನೇರ ಪ್ರಸಾರದಲ್ಲಿ. ಅದು ಮೊದಲೇ ಆಡಿಕೊಂಡ ನಾಟಕ ಅಂತ ಆಮೇಲೆ ಮಾತು ಬಂತು, ಬೌಡೊ ಕೊನೆಯವರೆಗೂ ಅಲ್ಲ ಅಂದರು. ಆ ಕ್ಷಣ ನೋಡಿದವರು ಮಾತ್ರ ಅದನ್ನು ಮರೆತಿಲ್ಲ.

ಬರೀ ಹಾಡು ಕುಣಿತದ ಮನುಷ್ಯ ಎಂದು ಅವರನ್ನು ತಳ್ಳಿಹಾಕಬೇಡಿ. ಮಾಫಿಯಾ ವಿರುದ್ಧ ಮಾತನಾಡಿದ್ದಕ್ಕೆ 1991ರಲ್ಲಿ ಸಿಸಿಲಿಯಲ್ಲಿದ್ದ ಅವರ ಮನೆಯನ್ನು ಬಾಂಬ್ ಇಟ್ಟು ಉರುಳಿಸಿದರು. ಎರಡು ವರ್ಷದ ಮೇಲೆ, 1993ರ ಮೇ 14ರಂದು, ರೋಮ್‌ನ ಫೌರೊ ರಸ್ತೆಯಲ್ಲಿ ಇನ್ನೊಬ್ಬ ನಿರೂಪಕ ಮೌರಿತ್ಸಿಯೊ ಕೊಸ್ತಾಂಜೊ ಅವರ ಕಾರು ಹಾದುಹೋಗುವಾಗ ಬಾಂಬ್ ಸಿಡಿಯಿತು. ಕೂದಲೆಳೆಯಲ್ಲಿ ಬದುಕಿದರು. ಸುಲಿಗೆ ಹಣ ಕೊಡಲು ಒಪ್ಪದೆ ಕೊಲೆಯಾದ ವ್ಯಾಪಾರಿ ಲಿಬೆರೊ ಗ್ರಾಸ್ಸಿ ಅವರ ನೆನಪಿಗೆ 1991ರಲ್ಲಿ ಇಡೀ ಒಂದು ಸಂಜೆ ಟಿವಿಯಲ್ಲಿ ಮಾಫಿಯಾ ವಿರುದ್ಧ ಮಾತನಾಡಿದವರು ಈ ಕೊಸ್ತಾಂಜೊ. ಮನರಂಜನೆಯವರನ್ನೂ ಮಾಫಿಯಾ ಕೊಲ್ಲಲು ನೋಡಿತು ಅಂದರೆ, ಜನ ಅವರ ಮಾತಿಗೆ ಎಷ್ಟು ಬೆಲೆ ಕೊಡುತ್ತಿದ್ದರು ಲೆಕ್ಕ ಹಾಕಿ.

ಹೆಂಗಸರ ಪೈಕಿ ಒಬ್ಬರ ಹೆಸರು ಹೇಳಲೇಬೇಕು, ರಫಾಯೆಲ್ಲಾ ಕರ್ರಾ. 1970ರಲ್ಲಿ ಹೊಕ್ಕುಳು ಕಾಣುವ ಬಟ್ಟೆ ತೊಟ್ಟು ಕುಣಿದಾಗ ದೊಡ್ಡ ಗದ್ದಲ ಆಗಿತ್ತು. ಆದರೆ 1983ರಲ್ಲಿ ಅವರು ಮಧ್ಯಾಹ್ನದ ಟಿವಿಗೆ ಬಂದದ್ದು ಮನೆಯ ಹೆಣ್ಣುಮಕ್ಕಳ ಗೆಳತಿಯಾಗಿ. 'ಪ್ರೊಂತೊ, ರಫಾಯೆಲ್ಲಾ?' ಎಂದು ಹೆಸರು. 'ಹಲೋ, ರಫಾಯೆಲ್ಲಾನಾ?' ಅಂತ. ಮೇಜಿನ ಮೇಲೆ ಒಂದು ಗಾಜಿನ ಭರಣಿ. ಅದರ ತುಂಬ ಹುರುಳಿಕಾಯಿಯ ಒಣ ಬೀಜ. ಫೋನ್ ಮಾಡಿದವರು ಒಳಗೆ ಎಷ್ಟು ಬೀಜ ಇವೆ ಎಂದು ಹೇಳಬೇಕು. ಇಷ್ಟೇ ಆಟ. ಅಡುಗೆಮನೆಯಲ್ಲಿ ಪಾತ್ರೆ ಒಲೆಗೆ ಇಟ್ಟು ಒಂದು ದೇಶದ ಅಮ್ಮಂದಿರು ಬೀಜ ಎಣಿಸಿದರು. ನಿಮ್ಮ ಅಜ್ಜಿಯೂ ಫೋನ್ ಹಚ್ಚಿರಬಹುದು, ಕೇಳಿ.

ಒಂದು ನೋವಿನ ಕಥೆಯನ್ನೂ ಹೇಳಬೇಕು. ಎಂಜೊ ತೊರ್ತೊರಾ. ಜಿನೋವಾದವರು, ಓದಿಕೊಂಡವರು, ಮಾತು ಬಹಳ ಮೆದು. 1969ರಲ್ಲಿ ರಾಯ್ ಬಗ್ಗೆ 'ಇದು ಸ್ಕೌಟ್ ಹುಡುಗರು ಓಡಿಸುವ ಜೆಟ್ ವಿಮಾನ' ಎಂಬರ್ಥದ ಮಾತಾಡಿ ಕೆಲಸ ಕಳೆದುಕೊಂಡಿದ್ದರು. 1977ರಲ್ಲಿ ಮರಳಿ ಬಂದು ಶುಕ್ರವಾರ ರಾತ್ರಿ 'ಪೊರ್ತೊಬೆಲ್ಲೊ' ಶುರು ಮಾಡಿದರು. ಟಿವಿಯಲ್ಲೊಂದು ಸಂತೆ. ಯಾರೋ ಹೊಸ ಯಂತ್ರ ಕಂಡುಹಿಡಿದಿದ್ದಾರೆ, ಯಾರಿಗೋ ಕಳೆದುಹೋದ ಬಂಧು ಬೇಕು, ಯಾರಿಗೋ ಮದುವೆಯಾಗಬೇಕು. ಪೊ ನದಿ ಬಯಲಿನ ಮಂಜು ಹೋಗಬೇಕಾದರೆ ತುರ್ಕಿನೊ ಕಣಿವೆಯ ಬೆಟ್ಟವನ್ನೇ ಸಮತಟ್ಟು ಮಾಡಬೇಕು ಎಂದು ಒಬ್ಬರು ಬಂದು ಹೇಳಿದರು. ತೊರ್ತೊರಾ ಎಲ್ಲರನ್ನೂ ಒಂದೇ ಮರ್ಯಾದೆಯಿಂದ ಕೇಳಿಸಿಕೊಂಡರು. ಕೊನೆಗೆ ಒಂದು ಗಿಳಿ. ಬಂದವರು ಅದರ ಬಾಯಿಂದ 'ಪೊರ್ತೊಬೆಲ್ಲೊ' ಅನ್ನಿಸಬೇಕು. ಗಿಳಿ ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಎರಡು ಕೋಟಿಗೂ ಹೆಚ್ಚು ಜನ ಇದನ್ನು ನೋಡುತ್ತಿದ್ದರು.

1983ರ ಜೂನ್ 17. ರೋಮ್‌ನ ಹೋಟೆಲಿನಲ್ಲಿ ಬೆಳಗಿನ ಜಾವ ಪೊಲೀಸರು ಅವರನ್ನು ಎಬ್ಬಿಸಿದರು. ನೇಪಲ್ಸ್‌ನ ಕಮೊರ್ರಾ ಗ್ಯಾಂಗ್ ಜೊತೆ ಸೇರಿ ಮಾದಕ ವಸ್ತು ಮಾರುತ್ತಾರೆ ಎಂಬ ಆರೋಪ. ಹೇಳಿದವರು ಜೈಲಿನಲ್ಲಿದ್ದ ಅಪರಾಧಿಗಳು. ಕ್ಯಾಮೆರಾಗಳು ಸೇರುವವರೆಗೆ ಕಾಯಿಸಿ, ಆಮೇಲೆ ಕೈಕೋಳ ಹಾಕಿ ಹೊರಗೆ ಕರೆತಂದರು. ಗ್ಯಾಂಗಿನವನೊಬ್ಬನ ಪುಸ್ತಕದಲ್ಲಿ ಅವರ ಹೆಸರಿದೆ ಅಂದರು. ನಿಜಕ್ಕೂ ಅಲ್ಲಿದ್ದದ್ದು 'ತೊರ್ತೊನಾ' ಎಂಬ ಬೇರೊಬ್ಬನ ಹೆಸರು. ಪಕ್ಕದಲ್ಲೇ ಫೋನ್ ನಂಬರ್ ಇತ್ತು. ಒಂದು ಸಲ ಡಯಲ್ ಮಾಡಿ ನೋಡುವ ಕೆಲಸ ಯಾರೂ ಮಾಡಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

1985ರಲ್ಲಿ ಹತ್ತು ವರ್ಷ ಶಿಕ್ಷೆಯಾಯಿತು. ಅಷ್ಟರಲ್ಲಿ ಅವರು ಯುರೋಪಿಯನ್ ಸಂಸತ್ತಿಗೆ ಆರಿಸಿ ಬಂದಿದ್ದರು. ಸದಸ್ಯತ್ವ ಇಟ್ಟುಕೊಂಡಿದ್ದರೆ ರಕ್ಷಣೆ ಇರುತ್ತಿತ್ತು. ರಾಜೀನಾಮೆ ಕೊಟ್ಟು ತಾವೇ ಬಂಧನಕ್ಕೆ ಒಪ್ಪಿಸಿಕೊಂಡರು. 1986ರ ಸೆಪ್ಟೆಂಬರ್‌ನಲ್ಲಿ ಮೇಲಿನ ಕೋರ್ಟ್ ಅವರು ನಿರಪರಾಧಿ ಎಂದಿತು. 1987ರ ಫೆಬ್ರವರಿ 20ರಂದು ಅವರು ಮತ್ತೆ 'ಪೊರ್ತೊಬೆಲ್ಲೊ' ವೇದಿಕೆಗೆ ಬಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಅವರ ಕಣ್ಣು ತುಂಬಿದೆ. ಕೇಳಿದ್ದು ಒಂದೇ ಮಾತು: 'ಹಾಂ, ಎಲ್ಲಿಗೆ ನಿಲ್ಲಿಸಿದ್ದೆವು?' ಮರುವರ್ಷ ಮೇ 18ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅರವತ್ತು ತುಂಬಿರಲಿಲ್ಲ.

ಇನ್ನು ಖಾಸಗಿ ಟಿವಿ. 1976ರಲ್ಲಿ ಸಂವಿಧಾನ ನ್ಯಾಯಾಲಯ ಊರ ಮಟ್ಟದಲ್ಲಿ ಖಾಸಗಿಯವರು ಪ್ರಸಾರ ಮಾಡಬಹುದು ಎಂದಿತು. ದೇಶಕ್ಕೆಲ್ಲ ಪ್ರಸಾರ ಮಾಡುವ ಹಕ್ಕು ಮಾತ್ರ ರಾಯ್‌ನದೇ. ಮಿಲಾನ್‌ನಲ್ಲಿ ಬಡಾವಣೆ ಕಟ್ಟಿ ಮಾರುತ್ತಿದ್ದ ಸಿಲ್ವಿಯೊ ಬೆರ್ಲುಸ್ಕೋನಿ ಒಂದು ದಾರಿ ಹುಡುಕಿದರು. ಒಂದೇ ಕಾರ್ಯಕ್ರಮದ ಕ್ಯಾಸೆಟ್‌ಗಳನ್ನು ಊರೂರ ಸ್ಟೇಷನ್‌ಗಳಿಗೆ ಕಳಿಸಿ, ಎಲ್ಲ ಕಡೆ ಒಂದೇ ಹೊತ್ತಿಗೆ ಹಾಕಿಸಿದರು. ನೋಡುವವರಿಗೆ ಅದು ಒಂದೇ ಚಾನೆಲ್. 1980ರಲ್ಲಿ 'ಕನಾಲೆ 5' ಆಯಿತು. ಆಮೇಲೆ ಇತಾಲಿಯಾ 1, ರೆತೆ 4 ಕೂಡ ಅವರ ಕೈ ಸೇರಿದವು. 1984ರ ಅಕ್ಟೋಬರ್‌ನಲ್ಲಿ ಟ್ಯೂರಿನ್, ರೋಮ್, ಪೆಸ್ಕಾರಾದ ನ್ಯಾಯಾಧೀಶರು ಇದನ್ನು ನಿಲ್ಲಿಸಿದರು. ಪ್ರಧಾನಿ ಕ್ರಾಕ್ಸಿ ಕೂಡಲೇ ಸುಗ್ರೀವಾಜ್ಞೆ ತಂದು ಚಾನೆಲ್‌ಗಳನ್ನು ಉಳಿಸಿದರು.

ಬೆರ್ಲುಸ್ಕೋನಿ ಗೆದ್ದದ್ದು ಕ್ಯಾಸೆಟ್‌ನಿಂದ ಮಾತ್ರ ಅಲ್ಲ, ಮುಖಗಳಿಂದ. ಮೊದಲು ಕರೆದದ್ದೇ ಮೈಕ್ ಬೊಂಜೋರ್ನೊ ಅವರನ್ನು. ಮನೆಯವನಂತಿದ್ದ ಮನುಷ್ಯ ಬೇರೆ ಚಾನೆಲ್‌ಗೆ ಹೋದರೆ ಮನೆಯವರೂ ಹಿಂದೆ ಹೋಗುತ್ತಾರಲ್ಲ. ಬೌಡೊ ಕೂಡ 1987ರಲ್ಲಿ ರಾಯ್ ಅಧ್ಯಕ್ಷರ ಮಾತಿನಿಂದ ನೊಂದು ಸ್ವಲ್ಪ ಕಾಲ ಅಲ್ಲಿಗೆ ಹೋಗಿ, ಮತ್ತೆ ವಾಪಸ್ ಬಂದರು. ಖಾಸಗಿ ಟಿವಿಯಲ್ಲಿ ನಿರೂಪಕನ ಕೆಲಸವೇ ಬದಲಾಯಿತು. ಕ್ವಿಜ್ ನಡುವೆ ಅವನೇ ಹಾಸಿಗೆ, ಹ್ಯಾಮ್ ಮಾರಬೇಕು. ಮೈಕ್ ಇದನ್ನೂ ಮನಸ್ಸಿಟ್ಟು ಮಾಡಿದರು. ಒಂದು ಗ್ರಾಪ್ಪಾ ಮದ್ಯದ ಜಾಹೀರಾತಿಗೆ ಮ್ಯಾಟರ್‌ಹಾರ್ನ್ ಶಿಖರದ ತುದಿಯಲ್ಲೇ ನಿಂತರು. ಆದರೂ ಏನೋ ಒಂದು ಕಳೆದುಹೋಯಿತು ಎಂದು ನನ್ನ ಭಾವನೆ. ಅಕ್ಷರ ಕಲಿಸಲು ಗಳಿಸಿದ ನಂಬಿಕೆ ಸಾಮಾನು ಮಾರಲು ಬಳಕೆಯಾಯಿತು. 1994ರ ಜನವರಿ 26ರಂದು ಬೆರ್ಲುಸ್ಕೋನಿ ತಾವೇ ಒಂದು ವಿಡಿಯೋ ಟೇಪಿನಲ್ಲಿ ಕಾಣಿಸಿಕೊಂಡು ರಾಜಕೀಯಕ್ಕೆ ಬರುತ್ತೇನೆ ಎಂದರು. ಎರಡು ತಿಂಗಳಲ್ಲಿ ಚುನಾವಣೆ ಗೆದ್ದರು.

ಮೈಕ್ 2009ರ ಸೆಪ್ಟೆಂಬರ್ 8ರಂದು ತೀರಿಕೊಂಡಾಗ ಮಿಲಾನ್‌ನ ಮಹಾ ಚರ್ಚಿನಲ್ಲಿ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಯಿತು. ಕರ್ರಾ 2021ರಲ್ಲಿ ಹೋದರು. ಬೌಡೊ ಆ ಪೀಳಿಗೆಯಲ್ಲಿ ಉಳಿದಿದ್ದ ದೊಡ್ಡ ಕೊಂಡಿ. ಅವರಿಗೆ 89 ಆಗಿತ್ತು. ನಿಮ್ಮ ಮಗಳ ಮನೆ ಓನರ್ ಅಜ್ಜಿ ಅತ್ತದ್ದು ಅವರೊಬ್ಬರಿಗಾಗಿ ಮಾತ್ರ ಇರಲಾರದು.

ಇನ್ನು ನೀವು ಕೇಳಿದ ಆ ಥಿಯೇಟರ್. ಅದು ರೋಮ್‌ನ 'ತೆಯಾತ್ರೊ ದೆಲ್ಲೆ ವಿತ್ತೊರಿಯೆ'. ಹೊರಗಿನಿಂದ ನೋಡಿದರೆ ಹಳೇ ಸಿನಿಮಾ ಮಂದಿರದ ಹಾಗಿದೆ, ದೊಡ್ಡದೇನಲ್ಲ. ರಾಯ್‌ನ 'ಸ್ಟುಡಿಯೊ ಉನೊ', 'ಕಾನ್ಜೊನಿಸ್ಸಿಮಾ', ಬೌಡೊ ನಡೆಸಿದ 'ಫಾಂತಾಸ್ತಿಕೊ', ಶನಿವಾರ ರಾತ್ರಿಯ ಎಷ್ಟೋ ದೊಡ್ಡ ಕಾರ್ಯಕ್ರಮಗಳು ಬಂದದ್ದು ಅಲ್ಲಿಂದಲೇ. ಅವರ ದೇಹವನ್ನು ಜನರ ದರ್ಶನಕ್ಕೆ ಇಟ್ಟದ್ದೂ ಅಲ್ಲೇ. ಆಮೇಲೆ ಅಂತ್ಯಕ್ರಿಯೆಗೆ ಸಿಸಿಲಿಯ ಮಿಲಿತೆಲ್ಲೊಗೆ, ಹುಟ್ಟೂರಿಗೆ ಕರೆದೊಯ್ದರು.